ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷಿಯಾಗಬೇಕೆ?

ದೇಶದ ಯಾವ ಮೂಲೆಯಲ್ಲಾದರೂ ಗುಡಿಯ ಮೇಲೆ ಉಗ್ರರ ದಾಳಿಯಾದರೆ ನಮ್ಮ ಕಡೆಯೂ ಬಂದೋಬಸ್ತ್ ಬಿಗಿಯಾಗುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡ, ಬಾದಾಮಿ ಬನಶಂಕರಿ, ವಿಜಯಪುರದ ಸಿದ್ಧೇಶ್ವರ ಜಾತ್ರೆ, ಎಲ್ಲ ಕಡೆ ಲಕ್ಷಗಟ್ಟಲೆ ಜನ ಸೇರುತ್ತಾರಲ್ಲ. ಬೆಳಗಾವಿಯ ಚಹಾದಂಗಡಿಗಳಲ್ಲಿ ಆಗ ಕೇಳಿಬರುವ ಮಾತು ಒಂದೇ: "ಹಿಡಿದವನಿಗೆ ನಾಲ್ಕು ಬಾರಿಸಿದರೆ ಎಲ್ಲಾ ಹೊರಗೆ ಬರ್ತದೆ. ಅದನ್ನ ಕೋರ್ಟ್ ಯಾಕೆ ಒಪ್ಪಬಾರದು?"

ಸಾಮಾನ್ಯ ಕಾನೂನು ಒಪ್ಪುವುದಿಲ್ಲ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ನಡುವೆ ಭಯೋತ್ಪಾದನೆ ತಡೆಗೆ ತಂದು ಆಮೇಲೆ ಕೈಬಿಟ್ಟ ಟಾಡಾ ಮತ್ತು ಪೋಟಾ ಕಾಯ್ದೆಗಳು ಬೇರೆ ದಾರಿ ಹಿಡಿದಿದ್ದವು. ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡರೆ ಅದು ಸಾಕ್ಷಿ ಎಂದಿದ್ದವು. ಭಯೋತ್ಪಾದನೆ ಕೇಸುಗಳಿಗೆ ಆ ನಿಯಮ ಮತ್ತೆ ಬೇಕೆ? ಎರಡೂ ಕಡೆಯ ವಾದ ಬರೆದಿದ್ದೇನೆ. ನಾನು ಯಾವ ಕಡೆ ಎಂಬುದು ಓದುತ್ತಾ ಗೊತ್ತಾಗುತ್ತದೆ.

ಪರ: ಬೇಕು

ಇಂಥ ದಾಳಿಯಲ್ಲಿ ಮೊದಲು ಇಲ್ಲವಾಗುವುದು ಸಾಕ್ಷಿ. 2002ರ ಸೆಪ್ಟೆಂಬರ್ 24ರ ಸಂಜೆ ಗುಜರಾತಿನ ಗಾಂಧಿನಗರದ ಅಕ್ಷರಧಾಮ ದೇವಸ್ಥಾನಕ್ಕೆ ಇಬ್ಬರು ನುಗ್ಗಿದರು. 30ಕ್ಕೂ ಹೆಚ್ಚು ಜನ ಸತ್ತರು. ಮರುದಿನ ಬೆಳಗಿನ ಹೊತ್ತಿಗೆ ಎನ್‌ಎಸ್‌ಜಿ ಕಮಾಂಡೊಗಳು ಆ ಇಬ್ಬರನ್ನೂ ಹೊಡೆದುರುಳಿಸಿದರು. 2005ರ ಜುಲೈ 5ರಂದು ಅಯೋಧ್ಯೆಗೆ ನುಗ್ಗಿದ ಐವರೂ ಅಲ್ಲೇ ಸತ್ತರು. ಸಾಯಲೆಂದೇ ಬಂದವನಿಂದ ಯಾವ ಹೇಳಿಕೆ ಸಿಗುತ್ತದೆ? ಕಳಿಸಿದವನು ಗಡಿಯಾಚೆ ಕೂತಿರುತ್ತಾನೆ, ಅವನಿಗೆ ನಮ್ಮ ಸಮನ್ಸ್ ತಲುಪುವುದಿಲ್ಲ. 26/11ರ ಮುಂಬೈ ದಾಳಿಯ ಸಂಚುಕೋರರ ಧ್ವನಿ ಮಾದರಿ ಕೊಡಿ ಎಂದು ಭಾರತ ಕೇಳುತ್ತಲೇ ಬಂತು, ಪಾಕಿಸ್ತಾನ ಕೊಡಲಿಲ್ಲ.

ಉಳಿಯುವುದು ಒಬ್ಬನೇ. ಊರೊಳಗೆ ಮನೆ ಕೊಡಿಸಿದವನು, ಸಿಮ್ ತಂದುಕೊಟ್ಟವನು, ದಾರಿ ತೋರಿಸಿದವನು. ಸಂಚು ನಡೆದದ್ದು ನಾಲ್ಕು ಗೋಡೆಯ ನಡುವೆ. ಅದನ್ನು ಕಂಡ ಹೊರಗಿನವರು ಯಾರೂ ಇಲ್ಲ. ಕಂಡವರಿದ್ದರೂ ಜೀವಭಯಕ್ಕೆ ಕೋರ್ಟಿಗೆ ಬರುವುದಿಲ್ಲ. ಆ ಸಹಾಯಕನ ಬಾಯಿಂದ ಬರುವ ಮಾತೇ ಗಡಿಯಾಚೆಗೂ ಈಚೆಗೂ ಇರುವ ಕೊಂಡಿ. ಅದನ್ನೂ ಕಸದಬುಟ್ಟಿಗೆ ಹಾಕಿದರೆ ತನಿಖೆ ಎಲ್ಲಿಂದ ಶುರುವಾಗಬೇಕು?

ಒಪ್ಪಿಕೊಳ್ಳುವುದು ಬೇರೆ, ನಂಬುವುದು ಬೇರೆ. ಇದನ್ನು ವಿರೋಧಿಗಳು ಬೇಕಂತಲೇ ಕಲಸುತ್ತಾರೆ. ರಾಜೀವ್ ಗಾಂಧಿ ಹತ್ಯೆ ಕೇಸು ನೋಡಿ. ಟಾಡಾ ಕೋರ್ಟು 26 ಜನರಿಗೂ ಗಲ್ಲು ವಿಧಿಸಿತ್ತು. 1999ರಲ್ಲಿ ಸುಪ್ರೀಂ ಕೋರ್ಟು ಪೊಲೀಸರು ಬರೆದುಕೊಂಡ ಹೇಳಿಕೆಗಳನ್ನು ಸಾಕ್ಷಿಯಾಗಿಯೇ ಓದಿತು. ತೂಗಿ ನೋಡಿ 19 ಜನರನ್ನು ಬಿಟ್ಟಿತು, ಏಳು ಜನರ ಅಪರಾಧ ಎತ್ತಿಹಿಡಿಯಿತು. 1993ರ ಮುಂಬೈ ಸ್ಫೋಟದ ಕೇಸಿನಲ್ಲಿ ಇಂಥ ಹೇಳಿಕೆಗಳ ಬಲವಿಲ್ಲದಿದ್ದರೆ ಅಷ್ಟು ದೊಡ್ಡ ಜಾಲ ರುಜುವಾತಾಗುವುದು ಕಷ್ಟವಿತ್ತು. ತೂಗುವ ಕೆಲಸ ಜಡ್ಜ್‌ದು. ತಕ್ಕಡಿಗೆ ಹಾಕುವುದನ್ನೇ ತಡೆದರೆ ಹೇಗೆ?

ಪೋಟಾದಲ್ಲಿ ಕಾವಲೂ ಇತ್ತು. ಠಾಣೆಯ ಪಿಎಸ್‌ಐ ಬರೆದುಕೊಳ್ಳುವಂತಿರಲಿಲ್ಲ. 48 ಗಂಟೆಯೊಳಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕಿತ್ತು. ಹೊಡೆದರು ಎಂದು ದೂರಿದರೆ ವೈದ್ಯಕೀಯ ಪರೀಕ್ಷೆಗೆ ಕಳಿಸಬೇಕಿತ್ತು.

ಇನ್ನು ನಮ್ಮ ರಾಜ್ಯದ ವಿಚಿತ್ರ ನೋಡಿ. ಸಂಘಟಿತ ಅಪರಾಧ ತಡೆಗೆ 2000ದಲ್ಲಿ ತಂದ ಕೋಕಾ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಫ್ತಾ ವಸೂಲಿ ಗ್ಯಾಂಗಿನವನು ಎಸ್‌ಪಿ ಮುಂದೆ ಹೇಳಿದ್ದು ಸಾಕ್ಷಿ. ಭಯೋತ್ಪಾದನೆಗೆ ಈಗ ಬಳಸುವ ಯುಎಪಿಎ ಕಾಯ್ದೆಯಡಿ ಸಿಕ್ಕ ಬಾಂಬರ್ ಅದೇ ಎಸ್‌ಪಿ ಮುಂದೆ ಹೇಳಿದ್ದು ಸಾಕ್ಷಿಯಲ್ಲ. ಇದರಲ್ಲಿ ಏನು ನ್ಯಾಯ?

ವಿರೋಧ: ಬೇಡ

ಅಕ್ಷರಧಾಮದ ಹೆಸರು ಹೇಳಿ ಮುಂದೆ ಹೋಗುವಂತಿಲ್ಲ. ಆ ಕೇಸು ಮುಗಿದದ್ದು ಹೇಗೆ ಎಂಬುದನ್ನೂ ಹೇಳಬೇಕು.

ದಾಳಿಯಾಗಿ ಸುಮಾರು ಒಂದು ವರ್ಷ ಪೊಲೀಸರ ಕೈಗೆ ಏನೂ ಹತ್ತಲಿಲ್ಲ. 2003ರ ಆಗಸ್ಟ್ ಕೊನೆಯಲ್ಲಿ ತನಿಖೆ ಅಹಮದಾಬಾದ್ ಕ್ರೈಂ ಬ್ರಾಂಚಿಗೆ ಹೋಯಿತು. ಹೋಗಿದ್ದೇ ತಡ, ಬಂಧನಗಳು ಶುರುವಾದವು. ಪೋಟಾ ಅಡಿ ತಪ್ಪೊಪ್ಪಿಗೆಗಳು ಬಂದವು. ಆರೋಪಿಗಳು ಆಮೇಲೆ ಅವನ್ನು ಹಿಂದಕ್ಕೆ ಪಡೆದರು, ಯಾರೂ ಕಿವಿಗೊಡಲಿಲ್ಲ. 2006ರಲ್ಲಿ ವಿಶೇಷ ಕೋರ್ಟು ಆರು ಜನರನ್ನು ಅಪರಾಧಿಗಳೆಂದಿತು. ಮೂವರಿಗೆ ಗಲ್ಲು, ಒಬ್ಬನಿಗೆ ಜೀವಾವಧಿ, ಉಳಿದಿಬ್ಬರಿಗೆ ಹತ್ತು ಮತ್ತು ಐದು ವರ್ಷ. 2010ರಲ್ಲಿ ಗುಜರಾತ್ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು.

2014ರ ಮೇ 16ರಂದು ಸುಪ್ರೀಂ ಕೋರ್ಟು ಆರೂ ಜನರನ್ನು ಬಿಡುಗಡೆ ಮಾಡಿತು. ಲೋಕಸಭೆ ಫಲಿತಾಂಶದ ದಿನ ಅದು, ಟಿವಿಯಲ್ಲಿ ಬೇರೆ ಸುದ್ದಿಗೆ ಜಾಗವೇ ಇರಲಿಲ್ಲ ಬಿಡಿ. ಪೀಠದಲ್ಲಿದ್ದವರು ಎ.ಕೆ. ಪಟ್ನಾಯಕ್ ಮತ್ತು ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ವಿ. ಗೋಪಾಲಗೌಡ. ಸತ್ತ ಉಗ್ರರ ಜೇಬಿನಲ್ಲಿ ಎರಡು ಉರ್ದು ಪತ್ರ ಸಿಕ್ಕವು, ಅವನ್ನು ಬರೆದದ್ದು ಆರೋಪಿಗಳಲ್ಲೊಬ್ಬ ಎಂಬುದು ಪೊಲೀಸರ ಕಥೆ. ಬಟ್ಟೆಯಲ್ಲಿ ಗುಂಡಿನ ತೂತು, ತುಂಬಾ ರಕ್ತ. ಪತ್ರಗಳ ಮೇಲೆ ಮಾತ್ರ ಒಂದು ಕಲೆಯಿಲ್ಲ, ಹರಿದಿಲ್ಲ. ಕೆಳಗಿನ ಎರಡು ಕೋರ್ಟು ದಾಟಿ ಬಂದ ಸಾಕ್ಷಿ ಇದು!

ಪರದವರು ಹೊಗಳಿದ ಆ ಕಾವಲು ಇತ್ತಲ್ಲ? ಅದೂ ಕಾಗದದಲ್ಲೇ ಉಳಿದಿತ್ತು. ಮ್ಯಾಜಿಸ್ಟ್ರೇಟ್ ಮುಂದೆ ಆರೋಪಿಗಳನ್ನು ನಿಲ್ಲಿಸಿದರು. ಮ್ಯಾಜಿಸ್ಟ್ರೇಟ್ ಕೇಳಬೇಕಾದ್ದನ್ನು ಕೇಳಲಿಲ್ಲ, ಪೊಲೀಸರ ಕೈಯಿಂದ ಬಿಡಿಸಿ ನ್ಯಾಯಾಂಗ ಬಂಧನಕ್ಕೂ ಕಳಿಸಲಿಲ್ಲ. ಕೇಸು ನಡೆಸಲು ಗೃಹ ಇಲಾಖೆ ಕೊಟ್ಟ ಅನುಮತಿಯಲ್ಲೂ ವಿವೇಚನೆ ಇರಲಿಲ್ಲ ಎಂದಿತು ಕೋರ್ಟು. ನಿಜವಾದ ಅಪರಾಧಿಗಳನ್ನು ಬಿಟ್ಟು ನಿರಪರಾಧಿಗಳನ್ನು ಹಿಡಿದಿದ್ದಾರೆ ಎಂದು ತೀರ್ಪಿನಲ್ಲೇ ನೋವು ತೋಡಿಕೊಂಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮಾನವ ಹಕ್ಕಿನ ಮಾತನ್ನು ಬೇಕಾದರೆ ಪಕ್ಕಕ್ಕಿಡಿ, ಬರೀ ದೇಶದ ಭದ್ರತೆಯ ಲೆಕ್ಕದಲ್ಲೇ ನೋಡಿ. ಕೈಯಲ್ಲಿ ತಪ್ಪೊಪ್ಪಿಗೆ ಇದೆ ಎಂದಾದ ಮೇಲೆ ಯಾವ ಅಧಿಕಾರಿ ಬಿಸಿಲಲ್ಲಿ ಅಲೆದು ಫೋನ್ ದಾಖಲೆ, ಲಾಡ್ಜ್ ರಿಜಿಸ್ಟರ್ ಹುಡುಕುತ್ತಾನೆ? ಕೇಸು ಮುಗಿದಂತೆ ಆಗುತ್ತದೆ, ಶಹಬ್ಬಾಸ್‌ಗಿರಿಯೂ ಸಿಗುತ್ತದೆ. ಅಕ್ಷರಧಾಮದಲ್ಲಿ ಆ ಇಬ್ಬರಿಗೆ ನಿಜವಾಗಿ ಸಹಾಯ ಮಾಡಿದವನು ಇದ್ದನಲ್ಲ? ಬೇರೆಯವರು ಅವನ ಬದಲು ಜೈಲಿನಲ್ಲಿದ್ದ ಅಷ್ಟೂ ವರ್ಷ ಅವನನ್ನು ಹುಡುಕುವವರಿರಲಿಲ್ಲ. ಗಡಿಯಾಚೆ ಕೂತವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನಿದೆ?

ರಾಜೀವ್ ಹತ್ಯೆ ಕೇಸಿನಲ್ಲಿ 19 ಜನರನ್ನು ಬಿಟ್ಟರು, ವ್ಯವಸ್ಥೆ ಸರಿಯಿದೆ ಎನ್ನುತ್ತಾರೆ. 1991ರ ಹತ್ಯೆ, 1999ರ ತೀರ್ಪು. ಕೊನೆಯ ಒಂದು ವರ್ಷಕ್ಕೂ ಹೆಚ್ಚು ಕಾಲ ಆ 19 ಜನರ ತಲೆಯ ಮೇಲೆ ಗಲ್ಲಿನ ಹಗ್ಗ ತೂಗುತ್ತಿತ್ತು. ತಕ್ಕಡಿ ಸರಿಯಾಗಿ ತೂಗಿತು ಎಂದು ಅವರಿಗೆ ಯಾರು ಹೇಳಬೇಕು?

ತಪ್ಪೊಪ್ಪಿಗೆ ಇಲ್ಲದೆ ಕೇಸು ನಿಲ್ಲುವುದಿಲ್ಲ ಎಂಬುದೂ ಸುಳ್ಳು. ಸಂಸತ್ ದಾಳಿ ಕೇಸಿನಲ್ಲಿ ಪೋಟಾ ತಪ್ಪೊಪ್ಪಿಗೆಗಳನ್ನು 2005ರಲ್ಲಿ ಸುಪ್ರೀಂ ಕೋರ್ಟು ಪಕ್ಕಕ್ಕೆ ಸರಿಸಿತು. ಆದರೂ ಫೋನ್ ಕರೆ, ಅಡಗುತಾಣ, ಜಪ್ತಿಯಾದ ವಸ್ತುಗಳ ಮೇಲೆ ಮುಖ್ಯ ಆರೋಪಿಯ ಅಪರಾಧ ನಿಂತಿತು. 26/11ರಲ್ಲಿ ಜೀವಂತ ಸಿಕ್ಕ ಕಸಬ್‌ನ ವಿಚಾರಣೆ ಹೊತ್ತಿಗೆ ಪೋಟಾ ರದ್ದಾಗಿ ವರ್ಷಗಳಾಗಿದ್ದವು. ಅವನು ತಪ್ಪೊಪ್ಪಿಕೊಂಡದ್ದು ಮ್ಯಾಜಿಸ್ಟ್ರೇಟ್ ಮುಂದೆ. ಜೊತೆಗೆ ಫೋಟೊ, ಸಿಸಿಟಿವಿ, ಕದ್ದು ಕೇಳಿದ ಕರೆಗಳು, ಕಣ್ಣಾರೆ ಕಂಡವರ ಸಾಕ್ಷಿ ಇದ್ದವು. 2012ರಲ್ಲಿ ಗಲ್ಲಿಗೇರಿದ. ಅಯೋಧ್ಯೆ ಕೇಸಿಗೂ ಪೋಟಾ ಇರಲಿಲ್ಲ. ದಾಳಿಕೋರರಿಗೆ ನೆರವಾದ ನಾಲ್ವರಿಗೆ 2019ರಲ್ಲಿ ಜೀವಾವಧಿ ಆಯಿತು, ಒಬ್ಬನನ್ನು ಸಾಕ್ಷಿಯಿಲ್ಲವೆಂದು ಬಿಟ್ಟರು. ಹದಿನಾಲ್ಕು ವರ್ಷ ಹಿಡಿಯಿತು, ನಿಜ. ಅದು ಕೋರ್ಟುಗಳ ರೋಗ, ಸಾಕ್ಷ್ಯ ನಿಯಮದ್ದಲ್ಲ.

ಆರೋಪಿ ಹೇಳಿದ ಜಾಗದಲ್ಲಿ ಅಗೆದಾಗ ಬಂದೂಕು ಸಿಕ್ಕರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ಈಗಲೂ ಸಾಕ್ಷಿಯೇ. ಕಸದಬುಟ್ಟಿಗೆ ಯಾರೂ ಹಾಕುತ್ತಿಲ್ಲ. ಕಾನೂನು ಕೇಳುವುದು ಇಷ್ಟೇ: ಬರೀ ಬಾಯಿಮಾತು ಬೇಡ, ವಸ್ತು ತೋರಿಸು.

ಕೋಕಾದ ವಿಚಿತ್ರವನ್ನು ನಾನೂ ಒಪ್ಪುತ್ತೇನೆ. ಅದಕ್ಕೆ ಮದ್ದು ಆ 19ನೇ ಸೆಕ್ಷನ್ ತೆಗೆಯುವುದು, ಎಲ್ಲ ಕಡೆ ಹಬ್ಬಿಸುವುದಲ್ಲ.

ನಾಳೆ ನಮ್ಮ ಜಿಲ್ಲೆಯಲ್ಲೇ ಇಂಥದ್ದು ನಡೆದರೆ ಬೇಕಾಗುವುದು ಬೇರೆ. ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಬಿಎನ್‌ಎಸ್‌ಎಸ್ ಪ್ರಕಾರ ಶೋಧ, ಜಪ್ತಿ ಎಲ್ಲದರ ವಿಡಿಯೊ ಆಗಬೇಕು. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಹೋಗಬೇಕು. ಬೆಳಗಾವಿಯಲ್ಲಿ ಪ್ರಾದೇಶಿಕ ಪ್ರಯೋಗಾಲಯವೇ ಇದೆ. ಅಲ್ಲಿಗೆ ಜನ, ಯಂತ್ರ ಜಾಸ್ತಿ ಕೊಡಿ. ಪಂಚನಾಮೆಗೆ ಸಹಿ ಹಾಕಲು ಪೊಲೀಸರ ಹಿಂದೆ ತಿರುಗುವ ಕಾಯಂ ಪಂಚರನ್ನು ಬಿಡಿ. ಆರೋಪಿ ನಿಜವಾಗಿಯೂ ಮನಸ್ಸಿನಿಂದ ಒಪ್ಪಿಕೊಳ್ಳುತ್ತಿದ್ದಾನೋ? ಚೆನ್ನಮ್ಮ ಸರ್ಕಲ್ ಹತ್ತಿರವೇ ಕೋರ್ಟು ಇದೆ. ಅಲ್ಲಿ ಮ್ಯಾಜಿಸ್ಟ್ರೇಟ್ ಇದ್ದಾರೆ. ಪೊಲೀಸರನ್ನು ಹೊರಗೆ ನಿಲ್ಲಿಸಿ, ಯೋಚಿಸಲು ಸಮಯ ಕೊಟ್ಟು, ಅವರೇ ಬರೆದುಕೊಳ್ಳುತ್ತಾರೆ. ಅಲ್ಲಿ ಹೇಳಲು ಒಲ್ಲೆ ಎನ್ನುವವನು ಠಾಣೆಯಲ್ಲಿ ಹೇಳಿದ್ದು ಯಾಕೆ ಎಂದು ತನಿಖಾಧಿಕಾರಿಯೇ ಮೊದಲು ಉತ್ತರ ಕೊಡಲಿ.