ಅಳತೆ ಕೊಟ್ಟು ಮಾಡಿಸಿದ ಕೋಲು

ನಮ್ಮ ಮನೆಯಲ್ಲಿ ಕೋಲುಗಳಿಗೆ ಬರ ಇಲ್ಲ. ನಾಯಿ ಓಡಿಸಲು ಒಂದು, ಜೇಡರ ಬಲೆ ತೆಗೆಯಲು ಒಂದು, ಎತ್ತರದ ಗಳದ ಮೇಲೆ ಸೀರೆ ಹರವಲು ಅವ್ವನಿಗೆ ಒಂದು. ಇವುಗಳಲ್ಲಿ ಒಂದಕ್ಕೂ ಯಾರೂ ದುಡ್ಡು ಕೊಟ್ಟಿಲ್ಲ. ಹಾಗಾಗಿ ಪೂಲ್ ಆಡುವ ಕ್ಯೂ, ಅಂದರೆ ಟೇಬಲ್ ಮೇಲಿನ ಚೆಂಡನ್ನು ತೂತಿಗೆ ಹೊಡೆಯುವ ಕೋಲು, ಅದೊಂದನ್ನು ಅಮೆರಿಕದಲ್ಲಿ ಹೇಳಿ ಮಾಡಿಸ್ತಿದ್ದೀನಿ ಅಂದಾಗ ಅವ್ವ ಕೇಳಿದ್ದು ಇಷ್ಟೇ: "ಯಾಕಪ, ಬಳ್ಳಾರ್ಯಾಗ ಕಟ್ಟಿಗಿ ಮುಗದಾವೇನು?"

ನನ್ನಲ್ಲಿ ಉತ್ತರ ಇರಲಿಲ್ಲ. ಬೆಲೆ ಕೇಳಿದಾಗ ಡಾಲರಿನಲ್ಲಿ ಹೇಳಿ ಸುಮ್ಮನಾದೆ. ಡಾಲರಿನಲ್ಲಿ ಹೇಳಿದರೆ ಅಂಕಿ ಸಣ್ಣದಿರುತ್ತದೆ, ಅಲ್ವಾ?

ನಾನು ಆಡುವ ಕ್ಲಬ್ಬು ಒಂದು ಮೊಬೈಲ್ ಅಂಗಡಿಯ ಮೇಲಿನ ಮಹಡಿ. ಗೋಡೆಗೆ ಏಳೆಂಟು ಕ್ಯೂ ಒರಗಿಸಿರುತ್ತಾರೆ. ಒಂದರ ತುದಿಯ ಚರ್ಮ ಅಣಬೆಯಂತೆ ಹರಡಿಕೊಂಡಿದೆ. ಒಂದಕ್ಕೆ ಕರೆಂಟಿನವರ ಕಪ್ಪು ಟೇಪು ಸುತ್ತಿದೆ. ಇನ್ನೊಂದಕ್ಕೆ ಹುಡುಗರು 'ಬಿಲ್ಲು' ಅಂತಲೇ ಹೆಸರಿಟ್ಟಿದ್ದಾರೆ. ಟೇಬಲ್ ಮೇಲೆ ಉರುಳಿಸಿದರೆ ಅದು ಕುಂಟುತ್ತಾ ಹೋಗುತ್ತದೆ. ಕುಣೀಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಪುಣ್ಯ, ನನ್ನ ಪಾಲಿಗೆ ಬರುತ್ತಿದ್ದ ಕೋಲು ನಿಜವಾಗಿಯೂ ಡೊಂಕಾಗಿತ್ತು. ಹನ್ನೆರಡು ವರ್ಷ ನೆಮ್ಮದಿಯಿಂದ ಸೋತೆ.

ತಂಗಿ ಟೆಕ್ಸಾಸಿನಲ್ಲಿದ್ದಾಳೆ. ಅವಳ ಊರಿನ ಹತ್ತಿರ ಒಬ್ಬ ಮುದುಕ ಮನೆಯ ಹಿಂದಿನ ಶೆಡ್ಡಿನಲ್ಲಿ ಒಬ್ಬನೇ ಕೂತು ಕ್ಯೂ ಮಾಡುತ್ತಾನೆ. ಆಳಿಲ್ಲ, ಅಂಗಡಿ ಬೋರ್ಡಿಲ್ಲ. ತಂಗಿ ಅಲ್ಲಿ ನಿಂತು ನನಗೆ ಫೋನ್ ಹಚ್ಚಿದಳು. ಅವನು ಶುರುಮಾಡಿದ ನೋಡಿ ಪ್ರಶ್ನೆ. ತೂಕ ಎಷ್ಟಿರಲಿ, 18 ಔನ್ಸೋ 20 ಔನ್ಸೋ? ತುದಿ 13 ಮಿಲಿಮೀಟರೋ, ಇನ್ನೂ ಸಣ್ಣದೋ? ಭಾರ ಮುಂದಕ್ಕಿರಲೋ, ಹಿಂದಕ್ಕೋ? ಹಿಡಿಗೆ ಲಿನನ್ ದಾರ ಸುತ್ತಲೋ, ಚರ್ಮವೋ, ಬರೀ ಮರವೇ ಸಾಕೋ?

ನಾನು ತಬ್ಬಿಬ್ಬಾದೆ. ನಮ್ಮದು ಜೀನ್ಸ್ ಹೊಲಿಯುವ ಊರು. 32, 34, 36, ಇದರಲ್ಲಿ ನಿಮ್ಮ ಸೊಂಟ ಯಾವುದಕ್ಕೆ ಹೊಂದುತ್ತದೋ ನೀವೇ ನೋಡಿಕೊಳ್ಳಬೇಕು. ಹೀಗೆ ನನ್ನ ಕೈಯ ಸುದ್ದಿ ಕೇಳಿದವರು ಯಾರೂ ಇರಲಿಲ್ಲ. 19 ಔನ್ಸ್ ಅಂದೆ, ಅಂದರೆ ಸುಮಾರು 540 ಗ್ರಾಂ. ಯಾಕೆ 19 ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ನಡುವಿನದು ಅಂತ ಅಂದೆ, ಅಷ್ಟೇ. ಕೊನೆಗೆ ಅವನು ಕೇಳಿದ, "ನಿಮ್ಮ ಊರಲ್ಲಿ ಕೈ ಬೆವರುತ್ತಾ?" ನಾನು ಬಾಯಿ ತೆರೆಯುವ ಮೊದಲೇ ತಂಗಿ ನಕ್ಕುಬಿಟ್ಟಳು. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಅವನಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಲಿನನ್ ಅಂತ ತೀರ್ಮಾನವಾಯಿತು. ಅದು ಬೆವರು ಹೀರುತ್ತದೆ.

ಆಮೇಲೆ ಎಂಟು ತಿಂಗಳು ಸದ್ದೇ ಇಲ್ಲ. ಒಂದು ಕೋಲಿಗೆ ಎಂಟು ತಿಂಗಳಾ? ಕ್ಯೂನ ಮುಂದಿನ ಭಾಗ ಮೇಪಲ್ ಮರದ್ದು. ಚಳಿ ದೇಶದ ಗಟ್ಟಿ ಮರ. ಅದರ ರಸ ಕಾಯಿಸಿ ಪಾಕ ಮಾಡಿ ನಮ್ಮ ದೋಸೆಯಂಥದ್ದರ ಮೇಲೆ ಸುರಿದುಕೊಂಡು ತಿನ್ನುವವರೂ ಇದ್ದಾರೆ. ಈ ಮರವನ್ನು ಒಂದೇ ಏಟಿಗೆ ಸಣ್ಣ ಮಾಡುವಂತಿಲ್ಲ. ಲೇತಿಗೆ ಕೊಟ್ಟು ಒಂದು ಪದರ ತೆಗೆಯಬೇಕು, ತೂಗುಹಾಕಬೇಕು, ವಾರಗಟ್ಟಲೆ ಬಿಡಬೇಕು. ಮತ್ತೆ ಒಂದು ಪದರ, ಮತ್ತೆ ಕಾಯುವುದು. ಮರದೊಳಗಿನ ಬಿಗಿ ಸಡಿಲವಾದಾಗ ಅದು ಎತ್ತಲೋ ಬಾಗುತ್ತದೆ. ಬಾಗಿದ್ದನ್ನು ಪಕ್ಕಕ್ಕಿಟ್ಟು ಬೇರೆಯದನ್ನು ಎತ್ತಿಕೊಳ್ಳುತ್ತಾರೆ. ಹಸಿ ಕಟ್ಟಿಗೆಯಲ್ಲಿ ಬಾಗಿಲು ಮಾಡಿಸಿ ಮಳೆಗಾಲದಲ್ಲಿ ಚಿಲಕದ ಜೊತೆ ಗುದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಂಗಿ ರಜೆಗೆ ಬಂದಾಗ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಅಡ್ಡಡ್ಡ ಮಲಗಿಸಿ ತಂದಳು. 58 ಇಂಚಿನ ಕೋಲು, ನಡುವೆ ತಿರುಪು, ಬಿಚ್ಚಿದರೆ ಎರಡು ತುಂಡು. ವಿಮಾನದೊಳಗೆ ಕೈಯಲ್ಲಿ ಹಿಡಿದು ಬರಲು ಬಿಡುವುದಿಲ್ಲ. ಅವರ ಲೆಕ್ಕದಲ್ಲಿ ಅದು ದೊಣ್ಣೆ. ಅವ್ವನ ಲೆಕ್ಕವೂ ಅದೇ.

ಓಣಿಯ ಬಡಿಗ ಕಾಕಾಗೆ ತೋರಿಸಿದೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದಿಟ್ಟು, ಎಡಗಣ್ಣು ಮುಚ್ಚಿ, ಬಂದೂಕು ಹಿಡಿದಂತೆ ಕೋಲನ್ನು ಬಾಗಿಲ ಬೆಳಕಿಗೆ ಹಿಡಿದ. ನಿಧಾನಕ್ಕೆ ತಿರುಗಿಸಿದ. ಆಮೇಲೆ ಎರಡು ತುಂಡು ಕೂಡುವ ಜಾಗದಲ್ಲಿ ಹೆಬ್ಬೆರಳ ಉಗುರು ಎಳೆದ. ಉಗುರು ಎಲ್ಲೂ ತಡೆಯಲಿಲ್ಲ. ಮತ್ತೊಮ್ಮೆ ಎಳೆದ. ಎಷ್ಟು ಕೊಟ್ರಿ ಅಂತ ಕೇಳುತ್ತಾನೆ ಅಂತ ನಾನು ಒಂದು ಸುಳ್ಳು ತಯಾರು ಮಾಡಿಕೊಂಡಿದ್ದೆ.

"ಎಷ್ಟ್ ಸಲ ಒಣಗಿಸ್ಯಾನ್ರಿ ಇದನ್ನ?" ಅಂದ.

ಹೇಳಿದೆ. ತಲೆಯಾಡಿಸಿದ. "ಕಾರಿನ್ಯಾಗ ಇಡಬ್ಯಾಡ್ರಿ. ನಮ್ಮ ಬಿಸಲಿಗೆ ಬಾಗತೈತಿ. ನೀರ್ ಹತ್ತಿಸಬ್ಯಾಡ್ರಿ." ಟೆಕ್ಸಾಸಿನ ಮುದುಕ ಚೀಟಿಯಲ್ಲಿ ಬರೆದು ಕಳಿಸಿದ್ದೂ ಇವೆರಡೇ ಮಾತು.

ಕ್ಲಬ್ಬಿನಲ್ಲಿ ಮೊದಲ ದಿನ ಹುಡುಗರು ಸುತ್ತ ನಿಂತರು. ತುದಿಗೆ ನೀಲಿ ಚಾಕ್ ತಿಕ್ಕಿದೆ. ಹೆಸರಿಗೆ ಚಾಕ್, ಶಾಲೆಯ ಸೀಮೆಸುಣ್ಣ ಅಲ್ಲ. ಮರಳಿನ ಜಾತಿಯ ಪುಡಿ, ತುದಿಯ ಚರ್ಮ ಚೆಂಡಿನ ಮೇಲೆ ಜಾರದಿರಲಿ ಅಂತ. ಹೊಡೆದೆ. 'ಟಕ್' ಅಂತ ಎಂಥಾ ಸದ್ದು! ಸದ್ದು ಮಾತ್ರ. ಚೆಂಡು ತೂತಿನ ಅಂಚಿಗೆ ಬಡಿದು ವಾಪಸ್ ಬಂತು. ಎಲ್ಲರೂ ಮೊದಲು ಕೋಲು ನೋಡಿದರು, ಆಮೇಲೆ ನನ್ನನ್ನು. ಇನ್ನು ಉಳಿದಿದ್ದು ನೆಲ ಒಂದೇ. ಟೇಬಲ್ಲಿನ ಒಂದು ಕಾಲಿನ ಕೆಳಗೆ ಮಡಚಿದ ರಟ್ಟು ಇಟ್ಟಿದ್ದಾರೆ, ಸುಳ್ಳಲ್ಲ. ಅದನ್ನು ತೋರಿಸಿದೆ. ಯಾರೂ ಬಗ್ಗಿ ನೋಡಲಿಲ್ಲ.

ಕಾರು ಬೇಡ, ಬಿಸಿಲು ಬೇಡ ಅಂತ ದೇವರ ಮನೆಯ ಬಾಗಿಲ ಹಿಂದೆ ನಿಲ್ಲಿಸುತ್ತಿದ್ದೆ. ಮನೆಯಲ್ಲಿ ತಂಪಾದ ಜಾಗ ಅದೊಂದೇ. ಮೊನ್ನೆ ಬೆಳಿಗ್ಗೆ ಎದ್ದು ಬಂದರೆ ಅವ್ವ ಹಿತ್ತಿಲಲ್ಲಿ ಒದ್ದೆ ಸೀರೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ಗಳಕ್ಕೆ ಏರಿಸುತ್ತಿದ್ದಳು. ಎಂಟು ತಿಂಗಳು ಒಣಗಿಸಿದ ಮೇಪಲ್ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

"ನನ್ನ ಕೋಲು ಮುರೀತು," ಅಂದಳು. "ಇದು ಚಲೋ ಐತಿ ನೋಡು. ಭಾರ ಅನಸಂಗಿಲ್ಲ. ಕೈ ಜಾರಂಗಿಲ್ಲ."

ಹಿಡಿದಿದ್ದು ಸರಿಯಾಗಿ ಲಿನನ್ ಸುತ್ತಿದ ಜಾಗದಲ್ಲೇ. ಮೇಲೆ ಹರವಿದ ಸೀರೆಯ ಸೆರಗಿನಲ್ಲಿ ಒಂದು ನೀಲಿ ಚುಕ್ಕಿ ಮೂಡಿತ್ತು. ಅವ್ವ ಇನ್ನೂ ಅದನ್ನು ನೋಡಿರಲಿಲ್ಲ.