ಗೋಕರ್ಣದ ಬೀಚ್ ಐದು ವರ್ಷದಲ್ಲಿ ಮುಳುಗುತ್ತಾ? ಒಂದು ಸ್ಪಷ್ಟನೆ

ಕೊಪ್ಪಳ, ಗಂಗಾವತಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಎರಡು ಫೋಟೋ ಓಡಾಡುತ್ತಿವೆ. ಒಂದರಲ್ಲಿ ಗೋಕರ್ಣದ ಬೀಚ್ ಖಾಲಿ, ಇನ್ನೊಂದರಲ್ಲಿ ಜನ ತುಂಬಿ ಕಾಲಿಡಲು ಜಾಗವಿಲ್ಲ. ‘ಸಮುದ್ರ ಏರಿ ಮರಳು ಅರ್ಧವಾಗಿದೆ, ಐದು ವರ್ಷದಲ್ಲಿ ಪೂರ್ತಿ ಮುಳುಗುತ್ತೆ, ಈಗಲೇ ಹೋಗಿ ಬನ್ನಿ’ ಎಂಬ ಬರಹ ಬೇರೆ.

ಈ ಲೆಕ್ಕ ತಪ್ಪು. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ ವರದಿ ಪ್ರಕಾರ 2006ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ವರ್ಷಕ್ಕೆ ಸರಾಸರಿ 3.7 ಮಿಲಿಮೀಟರ್ ಏರಿದೆ. ಅದೇ ವೇಗದಲ್ಲಿ ಐದು ವರ್ಷಕ್ಕೆ 2 ಸೆಂಟಿಮೀಟರೂ ಆಗಲ್ಲ. ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ. 50ಕ್ಕೆ 1ರ ಇಳಿಜಾರಿನ (50 ಮೀಟರ್ ನಡೆದರೆ 1 ಮೀಟರ್ ಇಳಿಯುವ) ದಡದಲ್ಲಿ ನೀರು 1 ಸೆಂಟಿಮೀಟರ್ ಏರಿದರೆ ಅರ್ಧ ಮೀಟರ್ ಅಗಲದ ಮರಳು ನೀರಡಿ ಹೋಗುತ್ತದೆ.

ಆದರೆ ಎರಡು ಫೋಟೋ ಪಕ್ಕಪಕ್ಕ ಇಟ್ಟು ಜನದಟ್ಟಣೆ ಅಳೆಯೋದಲ್ಲ. ಒಣ ಮರಳಿನ ವಿಸ್ತೀರ್ಣವನ್ನು ಜನರ ಸಂಖ್ಯೆಯಿಂದ ಭಾಗಿಸಿ, ತಲೆಗೆ ಎಷ್ಟು ಚದರ ಮೀಟರ್ ಸಿಗುತ್ತದೆ ಅಂತ ನೋಡಬೇಕು. ಹೋಲಿಸುವಾಗ ಋತು, ವಾರದ ದಿನ, ಉಬ್ಬರದ ಹೊತ್ತು ಎಲ್ಲವೂ ಒಂದೇ ಇರಬೇಕು. ಉಬ್ಬರ ಇಳಿತಕ್ಕೇ ದಡದ ಅಗಲ ದಿನಾ ಬದಲಾಗುತ್ತದೆ, ಅಲ್ವಾ? ಮಳೆಗಾಲದ ಅಲೆ ಕೊರೆದ ಮರಳು ಆಮೇಲೆ ಬಹುಪಾಲು ವಾಪಸ್ ಬರುವುದೂ ಉಂಟು. ಈ ಫೋಟೋಗಳಲ್ಲಿ ತಾರೀಖೂ ಇಲ್ಲ, ಹೊತ್ತೂ ಇಲ್ಲ. ಇನ್ನು ದಸರಾ ರಜೆಗೆ ನಮ್ಮ ಕಡೆಯ ಗಾಡಿಗಳೆಲ್ಲ ಅಂಕೋಲಾ ದಾರಿ ಹಿಡಿದರೆ ದಡ ತುಂಬದೆ ಇರುತ್ತಾ?