ತೊಂಬತ್ತು ಸೆಕೆಂಡಿನ ಸಂದೇಶ: ಒಂದು ಸ್ಪಷ್ಟನೆ

'ನೆಲದ ಮೇಲೆ ವಿಮಾನಕ್ಕೆ ಬೆಂಕಿ ಹತ್ತಿದರೆ 90 ಸೆಕೆಂಡಿನಲ್ಲಿ ಸ್ಫೋಟವಾಗುತ್ತದೆ. ಸಿಬ್ಬಂದಿಗೆ ಕಾಯದೆ ಹತ್ತಿರದ ಬಾಗಿಲು ತೆರೆದು ಹಾರಿ' ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

90 ಸೆಕೆಂಡು ಎನ್ನುವುದು ಸ್ಫೋಟದ ಗಡುವಲ್ಲ, ವಿನ್ಯಾಸದ ಮಾನದಂಡ. 44ಕ್ಕಿಂತ ಹೆಚ್ಚು ಆಸನಗಳ ವಿಮಾನ ಪೂರ್ತಿ ತುಂಬಿದ್ದಾಗಲೂ, ಅರ್ಧದಷ್ಟು ಬಾಗಿಲುಗಳಿಂದಲೇ ಎಲ್ಲರೂ ಅಷ್ಟರೊಳಗೆ ಹೊರಬರಬಹುದೆಂದು ತಯಾರಕರು ತೋರಿಸಬೇಕು.

ಬಾಗಿಲು ತೆರೆಯುವ ಮೊದಲು ಸಿಬ್ಬಂದಿ ಅದರ ಪುಟ್ಟ ಕಿಟಕಿಯಿಂದ ಹೊರಗೆ ನೋಡುತ್ತಾರೆ. ಆಚೆ ಬೆಂಕಿಯಿದ್ದರೆ ಆ ಬಾಗಿಲು ಮುಚ್ಚಿಯೇ ಇರಬೇಕು. ತೆರೆದರೆ ಹೊಗೆ, ಜ್ವಾಲೆ ಒಳನುಗ್ಗುತ್ತವೆ. 2024ರ ಜನವರಿ 2ರಂದು ಟೋಕಿಯೊದ ಹನೇದಾ ವಿಮಾನ ನಿಲ್ದಾಣದಲ್ಲಿ ಡಿಕ್ಕಿಯಾಗಿ ಹೊತ್ತಿಕೊಂಡ ಜಪಾನ್ ಏರ್‌ಲೈನ್ಸ್ ವಿಮಾನದ ಎಂಟು ಬಾಗಿಲುಗಳಲ್ಲಿ ಬಳಕೆಯಾದದ್ದು ಮೂರೇ. ಧ್ವನಿವರ್ಧಕ ವ್ಯವಸ್ಥೆ ಕೈಕೊಟ್ಟಿತ್ತು; ಸಿಬ್ಬಂದಿ ಮೆಗಾಫೋನ್ ಹಿಡಿದು, ಕೂಗಿ ದಾರಿ ತೋರಿಸಿದರು. ಕೊನೆಯವರು ಇಳಿಯುವಾಗ ಸುಮಾರು 18 ನಿಮಿಷ ಕಳೆದಿತ್ತು. ಆ ವಿಮಾನದಲ್ಲಿದ್ದ 379 ಮಂದಿಯೂ ಬದುಕಿದರು. (ಡಿಕ್ಕಿಯಾದ ಕರಾವಳಿ ಕಾವಲು ಪಡೆಯ ವಿಮಾನದ ಐವರು ಉಳಿಯಲಿಲ್ಲ.)

ನಿಧಾನವಾಗಿ ಇಳಿಯಬಹುದೆಂದು ಇದರರ್ಥವಲ್ಲ. ಆದೇಶ ಬಂದ ಕೂಡಲೇ ಬ್ಯಾಗು ಬಿಟ್ಟು ಹೊರಡಲೇಬೇಕು.

ದಯವಿಟ್ಟು ಆ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅಲ್ಲಿಯೇ ಈ ವಿವರವನ್ನೂ ಹಾಕಿ.